ಮೊದಲು ಕೈ ತೊಳೆಯಿರಿ

ಹೋಟೆಲಿನ ಅಣ್ಣನ ಎಡ ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತಿತ್ತು. ದಿನಾ ಗಂಧವನ್ನು ಸ್ವಲ್ಪ ಓರೆಯಾಗಿ ಎಳೆದು ಅದನ್ನು ಮುಚ್ಚುತ್ತಿದ್ದರು. ಯಾವುದೋ ಬಂದ್ ದಿನ ಅರ್ಧ ಎಳೆದ ಶಟರ್ ಕೆಳಗಿಂದ ತೂರಿಬಂದ ಕಲ್ಲಿನ ಕೆಲಸ ಅದು. ಯಾವ ಪಕ್ಷದವರು ಎಂದು ಕೇಳಿದರೆ, "ಕಲ್ಲಿನ ಮೇಲೆ ಚಿಹ್ನೆ ಇರ್ಲಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ನಮ್ಮ ಹೌಸಿಂಗ್ ಸೊಸೈಟಿ ಕಟ್ಟಡದ ಕೆಳಗೇ ಅವರ ಹೋಟೆಲು. ಉಡುಪಿ ಕಡೆಯವರು. ಅವರಿಗೆ ಒಂದೇ ಹುಚ್ಚು: ಕೈ ತೊಳೆಯದವರಿಗೆ ತಟ್ಟೆ ಇಲ್ಲ. ಗಲ್ಲಾದಲ್ಲಿ ಕೂತು "ಆಧೀ ಹಾತ್ ಧುವಾ!" ಎಂದು ಮರಾಠಿಯಲ್ಲಿ ಗದರಿದರೆ ಪೊಲೀಸ್ ಇನ್‌ಸ್ಪೆಕ್ಟರೂ ನಲ್ಲಿಯ ಕಡೆ ತಿರುಗಬೇಕು. ವಿಜಯಪುರದಿಂದ ಬಂದಿದ್ದ ನಮ್ಮ ಮಾವ, ಮನೆಯಲ್ಲೇ ತೊಳೆದು ಬಂದಿದ್ದೇನೆ ಎಂದು ವಾದಿಸಿ ಹಸಿದು ಹಿಂದಿರುಗಿದ್ದುಂಟು.

ಪಾಲಿಕೆ ಚುನಾವಣೆಗೆ ನಮ್ಮ ಸೊಸೈಟಿಯ ಸೆಕ್ರೆಟರಿ ಪಕ್ಷೇತರನಾಗಿ ನಿಂತ. ನಾನು ಅವನ ಬೂತ್ ಏಜೆಂಟ್. ಅವನು ಗೆಲ್ಲಲಿಲ್ಲ, ಮತ ಒಡೆದು, ಗೆಲ್ಲಬೇಕಾದವರನ್ನು ಸೋಲಿಸಿದ. ಫಲಿತಾಂಶದ ಮಧ್ಯಾಹ್ನ ಸೋತವರ ಹುಡುಗರು ಐದಾರು ಜನ ಕಲ್ಲು ಹಿಡಿದು ನಮ್ಮನ್ನು ಹುಡುಕುತ್ತಾ ಬಂದರು. ಸೆಕ್ರೆಟರಿ ಆಗಲೇ ಮಗಳ ಮನೆಗೆ ಪರಾರಿ. ನಾನು ಹೋಟೆಲಿಗೆ ನುಗ್ಗಿದೆ.

"ಅಣ್ಣಾ, ನನ್ನ ಬಡಿಯಾಕ ಬರಾಕತ್ತಾರ್ರೀ!"

"ಅಡುಗೆ ಕೋಣೆಗೆ ಹೋಗಿ. ಕೈ ತೊಳ್ಕೊಂಡು ಹೋಗಿ."

ತೊಳೆದೇ ಹೋದೆ. ಗ್ರೈಂಡರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಇಣುಕಿದೆ. ಹುಡುಗರು ಒಳಗೆ ಬಂದದ್ದೇ ಅಣ್ಣ ತಲೆ ಎತ್ತದೆ ಗದರಿದರು: "ಆಧೀ ಹಾತ್ ಧುವಾ!"

ಚಿಕ್ಕಂದಿನಿಂದ ಅಲ್ಲೇ ಇಡ್ಲಿ ತಿಂದು ಬೆಳೆದವರು. ಕಾಲು ತಾನಾಗಿ ನಲ್ಲಿಯ ಕಡೆ ನಡೆಯಿತು. ಕಲ್ಲು ಹಿಡಿದು ಕೈ ತೊಳೆಯುವುದು ಹೇಗೆ? ಬೇಸಿನ್ ಮೇಲೆ ಸಾಲಾಗಿ ಇಟ್ಟರು. ತಿರುಗುವಷ್ಟರಲ್ಲಿ ಟೇಬಲ್ ಮೇಲೆ ಇಡ್ಲಿ ಬಂದಿತ್ತು.

ಬಾಯಿ ತುಂಬ ಇಡ್ಲಿ ಇಟ್ಟುಕೊಂಡೇ ಅವರ ಲೀಡರ್ ನಾನೆಲ್ಲಿ ಎಂದು ಕೇಳಿದ. ಅಣ್ಣ ಹಿಂದೆಮುಂದೆ ನೋಡದೆ ಕೂಗಿದರು: "ಏಜೆಂಟ್ರೇ, ಸಾಂಬಾರ್ ತನ್ನಿ!"

ಆ ಕ್ಷಣ ಅಣ್ಣನ ಮೇಲೆ ಬಂದಷ್ಟು ಸಿಟ್ಟು ನನಗೆ ಆ ಹುಡುಗರ ಮೇಲೂ ಬಂದಿರಲಿಲ್ಲ. ಬಕೆಟ್ ಹಿಡಿದು, ಬೇಸಿನ್ ಮೇಲಿನ ಕಲ್ಲುಗಳನ್ನೇ ನೋಡುತ್ತ ಬಡಿಸಿದೆ. ಅರ್ಧ ಸಾಂಬಾರ್ ಲೀಡರನ ಪ್ಯಾಂಟಿಗೆ ಬಿತ್ತು. ಅವನು ನನ್ನನ್ನು ನೋಡಿದ, ಪ್ಯಾಂಟ್ ನೋಡಿದ, ತಟ್ಟೆ ಮುಂದೆ ತಳ್ಳಿದ. "ಅಂಕಲ್, ಇಸ್ ಮೇ ಡಾಲೋ ನಾ." ಇದರೊಳಗೆ ಹಾಕಿ ಅಂತ.

ತಿಂದು ಹೋದರು. ಕಲ್ಲುಗಳನ್ನು ಮರೆತೇ ಹೋದರು.

"ನನ್ನ ಯಾಕ ಕರದ್ರಿ?" ಎಂದು ರೇಗಿದೆ.

"ಬಡಿಸಿದವನಿಗೆ ಹೊಡೀಲಿಕ್ಕೆ ಮನಸ್ಸು ಬರುದಿಲ್ಲ ಅಂತ ನನ್ನ ಅಂದಾಜು," ಎಂದರು. "ತಪ್ಪಿದ್ರೆ ನನ್ನ ಹಣೆಯಲ್ಲಿ ಇನ್ನೂ ಜಾಗ ಉಂಟಲ್ಲ." ಆಗ ನೋಡಿದೆ. ನಾನು ಬಡಿಸಿದಷ್ಟು ಹೊತ್ತೂ ಅವರು ಗಲ್ಲಾ ಬಿಟ್ಟು ನನ್ನ ಪಕ್ಕದಲ್ಲೇ ನಿಂತಿದ್ದರು.

ಹೋದ ವರ್ಷ ಅಣ್ಣ ತೀರಿಕೊಂಡರು. ಚಟ್ಟಕ್ಕೆ ಒಂದು ಕಡೆ ನಾನು ಹೆಗಲು ಕೊಟ್ಟರೆ ಇನ್ನೊಂದು ಕಡೆ ಆ ಲೀಡರ್. ಸ್ಮಶಾನದಿಂದ ಹೊರಬರುವಾಗ ಅವನು ನಲ್ಲಿಯ ಮುಂದೆ ಕೈ ತೊಳೆಯದೆ ನಿಂತುಬಿಟ್ಟ. ಗದರುವವರು ಯಾರೂ ಇರಲಿಲ್ಲ.

"ಆಧೀ ಹಾತ್ ಧುವಾ," ಎಂದೆ.

ಅವನು ಕೈ ಒಡ್ಡಿ, ಚಿಕ್ಕ ಹುಡುಗನ ಹಾಗೆ ಅತ್ತ. ನಲ್ಲಿ ನಾನೇ ತಿರುಗಿಸಿದೆ.