ಮೊದಲ ಪಂಕ್ತಿಯ ಸಾಹೇಬರು

ಎಡಗೈ ಕಿರುಬೆರಳಿನ ಉಗುರನ್ನು ಅವರು ಉದ್ದ ಬೆಳೆಸಿದ್ದರು. ಅದರಿಂದಲೇ ಕಿವಿ ಕೆರೆದುಕೊಂಡು, ಅದರಿಂದಲೇ ನೆಟ್‌ವರ್ಕ್ ಸ್ವಿಚ್ಚಿನ ಕೇಬಲ್ಲುಗಳನ್ನು ಮುಟ್ಟಿ ತೋರಿಸುತ್ತಿದ್ದರು. ಶಿಗ್ಗಾವಿಯ ಖಾಸಗಿ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ಅವರೇ ಸಾಹೇಬರು, ನಾನು ಅವರ ಕೈಕೆಳಗೆ ದುಡಿದವಳು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡದಿದ್ದರೆ ಇವರ ಬಗ್ಗೆ ಬರೆಯಲು ಏನೂ ಉಳಿಯುವುದಿಲ್ಲ.

ಆಸ್ಪತ್ರೆಗೆಲ್ಲ ಇದ್ದದ್ದು ಒಂದೇ ಇಂಟರ್ನೆಟ್ ಲೈನು. ಎಲ್ಲರೂ ಒಮ್ಮೆಗೇ ನುಗ್ಗಿದಾಗ ಯಾರನ್ನು ಮೊದಲು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಲೈನು ಹಂಚುವ ಆ ಸ್ವಿಚ್ಚಿಗೆ ಹೇಳಿಕೊಡಬೇಕು. ಬಿಲ್ಲು, ಮೇಲ್ ಒಂದು ಕ್ಷಣ ಕಾದರೆ ಯಾರ ಗಂಟೂ ಹೋಗದು. ತುರ್ತು ಕೋಣೆಯಿಂದ ಹುಬ್ಬಳ್ಳಿಯ ಹೃದಯ ವೈದ್ಯರಿಗೆ ಹೋಗುವ ವಿಡಿಯೊ ಕಾಯಲಾರದು. ಇಷ್ಟು ತಿಳಿಯಲು ಅನುಭವ ಬೇಕಿಲ್ಲ. ಸಾಹೇಬರಿಗೆ ಬೇಕಾದಷ್ಟು ಅನುಭವವಿತ್ತು, ತಿಳಿಯಲಿಲ್ಲ.

ಅವರದು ಮದುವೆ ಊಟದ ಲೆಕ್ಕ. ಚೇರ್ಮನ್ನರ ಕೋಣೆ ಮೊದಲು, ನಂತರ ಡೈರೆಕ್ಟರುಗಳು, ಆಮೇಲೆ ಅವರ ಅಳಿಯಂದಿರು. ತುರ್ತು ಕೋಣೆ ಕಟ್ಟಕಡೆಗೆ.

"ಹಿಂಗ್ಯಾಕ್ರೀ ಸಾಹೇಬ್ರ?" ಎಂದೆ.

"ನೋಡು ತಂಗಿ, ಬೀಗರು ನಿಂತಿರಬೇಕಾದ್ರ ಊರ ಮಂದೀನ ಪಂಕ್ತಿಗೆ ಕುಂದರಸ್ತಾರೇನು? ಆ ತುರ್ತು ಖೋಲಿ ಯಾರ್ದು ಹೇಳು? ಯಾರ್ದೂ ಅಲ್ಲ."

ತಿಳವಳ್ಳಿಯ ಮುದುಕಿಯೊಬ್ಬಳು ಎದೆ ಹಿಡಿದುಕೊಂಡು ಬಂದ ದಿನ ವಿಡಿಯೊ ನಿಂತೇಬಿಟ್ಟಿತು. ಅವಳನ್ನು ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಸಾಗಿಸಬೇಕಾಯಿತು. ಚೇರ್ಮನ್ನರ ಕೋಣೆಯ ಟಿವಿಯಲ್ಲಿ ಮಾತ್ರ ಅದೇ ಲೈನಿನ ಮೇಲೆ ಕ್ರಿಕೆಟ್ ಸೊಗಸಾಗಿ ಓಡುತ್ತಿತ್ತು, ನೋಡುವವರು ಯಾರೂ ಇರಲಿಲ್ಲ. "ಲೈನ್ ಖರಾಬ್ ಐತಿ" ಎಂದು ಸಾಹೇಬರು ಕೈತೊಳೆದುಕೊಂಡರು.

ಮುಂದೊಂದು ದಿನ ಅವರ ಎದೆಯೇ ನೋಯಿತು. ಅದೇ ತುರ್ತು ಕೋಣೆ, ವಿಡಿಯೊ ಮತ್ತೆ ನಿಂತಿತು. ನಾನು ಲ್ಯಾಪ್‌ಟಾಪ್ ತೆರೆದೆ. ಬೆವರಿನಲ್ಲಿ ತೊಯ್ದಿದ್ದ ಮನುಷ್ಯ ನನ್ನ ಮುಂಗೈ ಹಿಡಿದರು.

"ಚೇರ್ಮನ್ರ ಖೋಲಿ ಹಿಂದ ಹಾಕಬ್ಯಾಡವಾ. ಒಳಗ ಕುಂತಾರ."

ಇಂಥ ಗುಲಾಮಗಿರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೆ ಹೇಸಿಗೆಯಾಯಿತು. ಕೈ ಕೊಸರಿಕೊಂಡು ತುರ್ತು ಕೋಣೆಯನ್ನು ಎಲ್ಲರಿಗಿಂತ ಮುಂದೆ ತಂದೆ. ವೈದ್ಯರು ಹುಬ್ಬಳ್ಳಿಯಿಂದಲೇ ಇಸಿಜಿ ನೋಡಿ ಔಷಧ ಹೇಳಿದರು, ಸಾಹೇಬರು ಬದುಕಿದರು.

ಕೆಲಸಕ್ಕೆ ಮರಳಿದ ದಿನ ಅವರು ಕೇಳಿದ ಮೊದಲ ಮಾತು, "ಚೇರ್ಮನ್ರು ಏನರ ಅಂದ್ರೇನು?" ಸಂಜೆಯೊಳಗೆ ಸ್ವಿಚ್ಚಿನಲ್ಲಿ ಹಳೆಯ ಪಂಕ್ತಿಯೇ ಕುಳಿತಿತ್ತು. ನಾನು ಮತ್ತೆ ಕೈ ಹಾಕದಂತೆ ಪಾಸ್‌ವರ್ಡನ್ನೂ ಬದಲಿಸಿದ್ದರು. ನನ್ನನ್ನು ಹಿರೇಕೆರೂರಿನ ಶಾಖೆಗೆ ಎತ್ತಿ ಹಾಕಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಮತ್ತೆ ಎದೆನೋವು ಬಂತು. ವಿಡಿಯೊ ನಿಂತಿತು. ಪಾಸ್‌ವರ್ಡ್ ಗೊತ್ತಿದ್ದವರು ಅವರೊಬ್ಬರೇ, ಅವರಿಗೆ ಎಚ್ಚರವಿರಲಿಲ್ಲ.

ಸಾಹೇಬರ ಮಣ್ಣಿಗೆ ಹೋಗಿದ್ದೆ. ಚೇರ್ಮನ್ನರು ಹಾರ ಕಳಿಸಿದ್ದರು, ತಾವು ಬಂದಿರಲಿಲ್ಲ. ಸಾಹೇಬರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತರು.

"ಹೋದ ಸಲ ನೀನ ಏನೋ ಮಾಡಿ ಉಳಿಸಿದ್ಯಂತಲ್ಲವಾ. ಈ ಸಲ ಯಾಕ ಆಗಲಿಲ್ಲ?"

ಪಾಸ್‌ವರ್ಡಿನ ವಿಷಯ ಆಕೆಗೆ ಹೇಳಲಿಲ್ಲ. ನಾನು ಅವರಿಗೆ ಕೊಟ್ಟ ಮರ್ಯಾದೆ ಅದೊಂದೇ.