ವಿಷದ ಮೀನು, ಮೆತ್ತನೆಯ ಮಾತು

ನಾರಾಯಣಪೇಟೆಯ ಅಡತಿ ವ್ಯಾಪಾರಿ ಮಹಾಂತಯ್ಯನವರು ಹರಾಜು ಕೂಗಿದರೆ ಪಕ್ಕದೂರು ಗುಂಡುಮಾಲ್‌ನ ಪಾರಿವಾಳಗಳು ಹಾರುತ್ತವೆ. ಮನೆಯ ಹೊಸ್ತಿಲು ದಾಟಿದರೋ, ಬರೀ ಪಿಸುಮಾತು. ಪಡಸಾಲೆಯ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ನಿಂಬೆಹಣ್ಣಿನ ಬಣ್ಣದ, ಚೌಕ ಮೈಯ ಪೆಟ್ಟಿಗೆ ಮೀನೊಂದಿದೆ. ಗದ್ವಾಲದ ಬೀಗರು ಬಂದರೂ ಚಹಾಕ್ಕಿಂತ ಮೊದಲು ಅದರ ದರ್ಶನ. “ಗಾಜು ಬಡೀಬ್ಯಾಡ್ರಿ. ಹೆದರಿದ್ರ ಮೈಯಾಗಿನ ವಿಷ ನೀರಿಗೆ ಬಿಟ್ಟು ತಾನೂ ಸಾಯತೈತಿ. ಮೂರು ವರ್ಷ ಆತು, ನಮ್ಮನ್ಯಾಗ ಒಂದು ಹನಿ ಬಿಟ್ಟಿಲ್ರಿ!” ಎಂದು ಎದೆಯುಬ್ಬಿಸುತ್ತಾರೆ. ಅದು ಸದ್ದಿಗೆ ಹೆದರದಿರಲೆಂದು ಮಿಕ್ಸರ್ ಹಿತ್ತಲಿಗೆ ಹೋಗಿದೆ. ಸಾರಿಗೆ ಉಪ್ಪು ಕಡಿಮೆಯಾದರೂ ಹೆಂಡತಿ ಗುರಮ್ಮನ ಕಿವಿಯ ಹತ್ತಿರ ಬಂದು ಹೇಳುತ್ತಾರೆ. ಇಪ್ಪತ್ತೆಂಟು ವರ್ಷ ಆ ಕೂಗಿಗೆ ಬೆಚ್ಚಿ ಬಾಳಿದವಳು ಗುರಮ್ಮ. ಮೊಟ್ಟೆಯನ್ನೂ ಮುಟ್ಟದ ಅವಳು ಈಗ ದಿನಾ ಸೀಗಡಿಯ ಚೂರನ್ನು ತಾನೇ ಹಿಡಿದು ಮೀನಿಗೆ ತಿನ್ನಿಸುತ್ತಾಳೆ: “ನೂರು ವರ್ಷ ಬಾಳು, ನನ್ನಪ್ಪಾ.”