ಬಾಯ್ತುಂಬ ನೀರು, ಕಟ್ಟಿದ ಮೂಗು

ಸೊಸೆ ಮೊಬೈಲ್‌ನಲ್ಲಿ ಏನೋ ನೋಡಿದಳಂತೆ. ಬಾಯಲ್ಲಿ ಉಸಿರಾಡೋ ಮಕ್ಕಳ ಬಾಯಿಗೆ ಟೇಪ್ ಅಂಟಿಸಿ ಮಲಗಿಸಬೇಕಂತೆ. ಇವತ್ತು ಮಧ್ಯಾಹ್ನ, ಮೂಗು ಕಟ್ಟಿ ಗೊರಗುಡುತ್ತಿದ್ದ ಮೊಮ್ಮಗಳ ಪಕ್ಕ ಟೇಪ್ ಹಿಡಿದು ನಿಂತಿದ್ದಳು. ನನಗೆ ತವರೂರು ತಾಳಗುಂದದ ನಮ್ಮ ಕಣ ನೆನಪಾಯ್ತು.

ನಮ್ಮಲ್ಲಿ ಭತ್ತ ತೂರುವ ಹೆಂಗಸರು ಬಾಯ್ತುಂಬ ನೀರು ಹಿಡಿದುಕೊಂಡೇ ನಿಲ್ಲುತ್ತಿದ್ದರು. ಬಾಯಿ ಮುಚ್ಚಿದ್ದರೆ ಧೂಳು ಮೂಗಲ್ಲೇ ನಿಲ್ಲುತ್ತೆ, ಎದೆಗಿಳಿಯಲ್ಲ ಅನ್ನೋಳು ಅಜ್ಜಿ. ತೂರಿ ಮುಗಿಯೋವರೆಗೆ ಮಾತಿಲ್ಲ, ಬರೀ ಕಣ್ಣಲ್ಲೇ ಗದರೋದು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಮೂಗು ವರ್ಷವಿಡೀ ಕಟ್ಟಿರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. "ಬಾಯಿ ಮುಚ್ಚೇ" ಅನ್ನೋರೇ ಎಲ್ಲ.

ಚಿಕ್ಕವಳಿದ್ದಾಗ ಒಂದು ಸುಗ್ಗಿಯಲ್ಲಿ ನನ್ನ ಬಾಯಿಗೂ ಚೊಂಬಿನಿಂದ ನೀರು ಹೊಯ್ದು, ಕೈಗೆ ಮೊರ ಕೊಟ್ಟರು. ಎರಡು ಮೊರ ತೂರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಮೊರ ಬಿಸಾಕಿ, ನೀರನ್ನೆಲ್ಲ ರಾಶಿಯ ಮೇಲೇ ಉಗುಳಿದೆ. ಪೂಜೆ ಮಾಡೋ ರಾಶಿ! ಬಾಯಲ್ಲಿ ನೀರಿದ್ದ ಅಜ್ಜಿ ಬೈಯಲಾರದೆ ಕೈಯೆತ್ತಿಕೊಂಡು ಬಂದಳು. ನಾನು ಓಡಲಿಲ್ಲ. ಅವಳ ಮೂಗನ್ನೇ ಗಟ್ಟಿಯಾಗಿ ಹಿಡಿದೆ. ಒಂದು ಗಳಿಗೆ ಕಣ್ಣರಳಿಸಿದಳು. ಆಮೇಲೆ ಅವಳ ನೀರೂ ಬುಸ್ಸಂತ ರಾಶಿ ಮೇಲೆ!

"ಈಗ ಗೊತ್ತಾತಾ ಅಜ್ಜಿ?" ಅಂದೆ.

ಎತ್ತಿದ ಕೈ ಬೀಳಲಿಲ್ಲ. ಕೆಮ್ಮು ನಿಂತ ಮೇಲೆ ಅಜ್ಜಿ ಅಪ್ಪನ ಕಡೆ ತಿರುಗಿ, "ಇದ್ರ ಮೂಗಿಗೆ ಏನಾಗೇತಿ, ಮೊದ್ಲು ಡಾಕ್ಟರಿಗೆ ತೋರಿಸೋ" ಅಂದಳು.

ಇವತ್ತು ಸೊಸೆಗೆ ಹೇಳಿದೆ: "ಮೊದಲು ಆ ಟೇಪು ನಿನ್ನ ಬಾಯಿಗೆ ಹಾಕ್ಕೋ ತಾಯಿ. ಮೂಗು ನಾನು ಹಿಡ್ಕೊಂಡಿರ್ತೀನಿ."